ಅಂಗೈಗೆ ಏಳು ಜೂಲ್: ಪುಟ್ಟ ರಿವಾಲ್ವರ್‌ಗೆ ಗ್ರಿಪ್ ಆರಿಸುವ ಲೆಕ್ಕ

ಅಮೆರಿಕದಲ್ಲಿ ಬಟ್ಟೆಯೊಳಗೆ ಮರೆಯಾಗಿ ಇಟ್ಟುಕೊಳ್ಳೋಕೆ ಅಂತ ಪುಟ್ಟ ರಿವಾಲ್ವರ್ ಕೊಂಡವರಲ್ಲಿ ಬಹಳ ಜನ ಮೊದಲು ಬಿಚ್ಚಿ ಬದಲಾಯಿಸೋ ಭಾಗ ಯಾವುದು ಗೊತ್ತಾ? ಬ್ಯಾರೆಲ್ ಅಲ್ಲ, ಟ್ರಿಗರ್ ಅಲ್ಲ, ಗುರಿ ನೋಡುವ ಸೈಟ್ ಕೂಡ ಅಲ್ಲ. ಕೈಯಲ್ಲಿ ಹಿಡಿಯುವ ಹಿಡಿ, ಅಂದ್ರೆ ಗ್ರಿಪ್. ಒಂದು ಸ್ಕ್ರೂ ತೆಗೆದರೆ ಎರಡು ಪಕ್ಕದ ತುಂಡುಗಳೂ ಬಿಚ್ಚಿಕೊಂಡು ಬರುತ್ತವೆ. ಐದು ನಿಮಿಷದ ಕೆಲಸ. ಅದರ ಜಾಗದಲ್ಲಿ ಏನು ಹಾಕಬೇಕು ಅನ್ನೋದು ಮಾತ್ರ ಐದು ನಿಮಿಷದಲ್ಲಿ ಮುಗಿಯೋದಿಲ್ಲ. ಅಲ್ಲಿನ ಎಷ್ಟೋ ಮನೆಗಳಲ್ಲಿ ಕೊಂಡು, ಹಾಕಿ ನೋಡಿ, ಬೇಡವಾದ ಗ್ರಿಪ್‌ಗಳದ್ದೇ ಒಂದು ಡಬ್ಬಿ ಇರುತ್ತೆ.

ನಮ್ಮ ಪತ್ರಿಕೆಗೆ ಈ ವಿಷಯ ಯಾಕೆ ಅಂತೀರಾ? ಅಂಗೈಯಗಲದ ಈ ಒಂದು ಭಾಗದಲ್ಲಿ ಫಸ್ಟ್ ಇಯರ್ ಮೆಕ್ಯಾನಿಕ್ಸ್, ಮಟೀರಿಯಲ್ ಸೈನ್ಸ್, ಎರ್ಗೊನಾಮಿಕ್ಸ್ ಮೂರೂ ಇವೆ, ಮೂರೂ ಒಂದರ ಜೊತೆ ಒಂದು ಜಗಳ ಆಡುತ್ತವೆ. ಬ್ಯಾಟಿನ ಗ್ರಿಪ್ ಸರಿಯಿಲ್ಲದಿದ್ರೆ ಸ್ಲಿಪ್‌ನಲ್ಲಿ ಕ್ಯಾಚ್ ಹೋಗುತ್ತೆ, ಅಷ್ಟೇ. ಇಲ್ಲಿ ಗ್ರಿಪ್ ಸರಿಯಿಲ್ಲದಿದ್ರೆ ಗುಂಡು ಹೋಗಬಾರದ ಕಡೆ ಹೋಗುತ್ತೆ, ಆ ಕಡೆ ಯಾರೋ ನಿಂತಿರಬಹುದು. ಇನ್ನೊಂದು ಮಾತು: ಕೈ ನೋಯಿಸುವ ಗನ್ನನ್ನು ಯಾರೂ ಇಷ್ಟಪಟ್ಟು ಅಭ್ಯಾಸಕ್ಕೆ ತೆಗೆಯಲ್ಲ. ವರ್ಷಕ್ಕೆ ಐದು ಗುಂಡು ಹೊಡೆದು ಮತ್ತೆ ಜೇಬಿಗೆ ಹಾಕಿಕೊಳ್ಳುವವರು ಅಲ್ಲಿ ಬೇಕಾದಷ್ಟಿದ್ದಾರೆ. ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ನಿಜವಾಗಿ ಹೆದರಬೇಕಾದ್ದು ಅದಕ್ಕೇ.

ಯಾವ ರಿವಾಲ್ವರ್ ಬಗ್ಗೆ ಮಾತು

ಕೋಲ್ಟ್ ಕಂಪನಿ 1927ರಲ್ಲಿ ಎರಡು ಇಂಚಿನ ಬ್ಯಾರೆಲ್ಲಿನ ಡಿಟೆಕ್ಟಿವ್ ಸ್ಪೆಷಲ್ ಹೊರತಂದಿತು. ಆರು ಗುಂಡು, .38 ಸ್ಪೆಷಲ್. ಸ್ಮಿತ್ ಅಂಡ್ ವೆಸನ್ 1950ರಲ್ಲಿ ಒಂದು ಗುಂಡು ಕಡಿಮೆ ಮಾಡಿ ಅದಕ್ಕಿಂತ ಚಿಕ್ಕದನ್ನು ಮಾಡಿತು. ಆ ವರ್ಷ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಪೊಲೀಸ್ ಮುಖ್ಯಸ್ಥರ ಸಮ್ಮೇಳನದಲ್ಲಿ ಅದನ್ನು ತೋರಿಸಿದ್ದರಿಂದ ಹೆಸರು ‘ಚೀಫ್ಸ್ ಸ್ಪೆಷಲ್’. 1957ರಲ್ಲಿ ಕಂಪನಿ ಎಲ್ಲದಕ್ಕೂ ನಂಬರ್ ಕೊಟ್ಟಾಗ ಇದು ಮಾಡೆಲ್ 36 ಆಯಿತು. ಈ ಅಳತೆಯ ಚೌಕಟ್ಟಿಗೆ ಜೆ-ಫ್ರೇಮ್ ಅನ್ನುತ್ತಾರೆ, ಇವತ್ತಿಗೂ ಅದೇ ನಡೆಯುತ್ತಿದೆ.

ಬದಲಾಗಿದ್ದು ತೂಕ. ಉಕ್ಕಿನ ಮಾಡೆಲ್ 36 ಸುಮಾರು 550 ಗ್ರಾಂ. ಅಲ್ಯೂಮಿನಿಯಂ ಚೌಕಟ್ಟಿನ ಮಾಡೆಲ್ 642 ಸುಮಾರು 410 ಗ್ರಾಂ. ಸ್ಕ್ಯಾಂಡಿಯಂ ಸ್ವಲ್ಪ ಬೆರೆಸಿದ ಅಲ್ಯೂಮಿನಿಯಂ ಚೌಕಟ್ಟು, ಟೈಟಾನಿಯಂ ಸಿಲಿಂಡರ್ ಇರುವ 340 ಪಿಡಿ ಸುಮಾರು 330 ಗ್ರಾಂ, ಅದರಲ್ಲಿ ಇನ್ನೂ ಜೋರಾದ .357 ಮ್ಯಾಗ್ನಮ್ ಗುಂಡನ್ನೂ ಹಾರಿಸಬಹುದು. ಇಲ್ಲಿ ಉದಾಹರಣೆಗೆ 642 ಇಟ್ಟುಕೊಳ್ಳೋಣ. ಅದರ ಹ್ಯಾಮರ್ ಚೌಕಟ್ಟಿನ ಒಳಗೇ ಮುಚ್ಚಿರುತ್ತೆ, ಹಾಗಾಗಿ ಜೇಬಿನ ಬಟ್ಟೆಗೆ ಸಿಕ್ಕಿಕೊಳ್ಳೋದಿಲ್ಲ.

ಅನುಕೂಲ ಏನಂದ್ರೆ, ದುಂಡು ಬುಡದ ಜೆ-ಫ್ರೇಮ್‌ಗಳ ಹಿಡಿಭಾಗದ ಆಕಾರ ಒಂದೇ. ಹಾಗಾಗಿ ಒಂದಕ್ಕೆ ಮಾಡಿದ ಗ್ರಿಪ್ ಇನ್ನೊಂದಕ್ಕೂ ಕೂರುತ್ತೆ, ಹೋಗ್, ಪ್ಯಾಕ್‌ಮೇಯರ್, ಆಲ್ಟಮಾಂಟ್ ಥರದ ಎಷ್ಟೋ ಕಂಪನಿಗಳು ಇದರ ಮೇಲೇ ಬದುಕುತ್ತಿವೆ. ಹಳೇ ಚೌಕ ಬುಡದ ಜೆ-ಫ್ರೇಮ್‌ಗೆ ಮಾತ್ರ ಇವು ಹೊಂದಲ್ಲ. ರೂಗರ್ ಕಂಪನಿಯ ಎಲ್‌ಸಿಆರ್‌ನಲ್ಲಿ ಕಥೆಯೇ ಬೇರೆ: ಒಳಗೆ ಇರೋದು ಒಂದು ಸಣ್ಣ ಗೂಟ, ಹೊರಗಿನ ಆಕಾರವೆಲ್ಲ ಗ್ರಿಪ್‌ನದ್ದೇ. ಡಿಸೈನರ್‌ಗೆ ಅದು ಸ್ವರ್ಗ. ಜೆ-ಫ್ರೇಮ್‌ನಲ್ಲಿ ಲೋಹದ ಚೌಕಟ್ಟು ಮೊದಲೇ ಜಾಗ ಹಿಡಿದು ಕೂತಿರುತ್ತೆ. ಅದರ ಸುತ್ತ ನೀವು ಸೇರಿಸಬಹುದು, ತೆಗೆಯೋಕೆ ಆಗಲ್ಲ.

ಒದೆತದ ಲೆಕ್ಕ

ಈಗ ಕಾಗದ ಪೆನ್ನು ತಗೊಳ್ಳಿ. .38 ಸ್ಪೆಷಲ್‌ನ ಸಾಮಾನ್ಯ ಗುಂಡು 158 ಗ್ರೇನ್, ಅಂದ್ರೆ ಹತ್ತಿರ ಹತ್ತಿರ 10.2 ಗ್ರಾಂ. ಇಷ್ಟು ಚಿಕ್ಕ ಬ್ಯಾರೆಲ್ಲಿನಿಂದ ಸೆಕೆಂಡಿಗೆ 210 ಮೀಟರ್ ವೇಗದಲ್ಲಿ ಹೊರಬೀಳುತ್ತೆ ಅಂತ ಇಟ್ಟುಕೊಳ್ಳಿ. ಸಂವೇಗ 2.15 ಕೆಜಿ ಮೀಟರ್ ಪ್ರತಿ ಸೆಕೆಂಡ್. ಮದ್ದು ಉರಿದು ಹೊರಗೆ ನುಗ್ಗುವ ಅನಿಲವನ್ನು ಮರೀಬೇಡಿ: ಸುಮಾರು 0.26 ಗ್ರಾಂ, ಸೆಕೆಂಡಿಗೆ 1200 ಮೀಟರ್ ಲೆಕ್ಕದಲ್ಲಿ ಇನ್ನೊಂದು 0.31. ಒಟ್ಟು 2.46. ಗನ್ ಹಿಂದಕ್ಕೆ ಅಷ್ಟೇ ಸಂವೇಗ ಪಡೆಯಬೇಕು, ನ್ಯೂಟನ್ ಬಿಡೋದಿಲ್ಲ.

410 ಗ್ರಾಂನ 642 ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಹಿಂದೆ ಹೊರಡುತ್ತೆ. ಚಲನಶಕ್ತಿ ಸುಮಾರು 7.4 ಜೂಲ್. ಅದೇ ಗುಂಡಿಗೆ 550 ಗ್ರಾಂನ ಉಕ್ಕಿನ ಮಾಡೆಲ್ 36ರಲ್ಲಿ 5.5 ಜೂಲ್, 330 ಗ್ರಾಂನ 340 ಪಿಡಿಯಲ್ಲಿ 9.2 ಜೂಲ್. ಸಿಲಿಂಡರಿನಲ್ಲಿ ಉಳಿದ ಗುಂಡುಗಳ ತೂಕ ಬಿಟ್ಟು ಹಾಕಿದ ಲೆಕ್ಕ ಇದು. 340 ಪಿಡಿಯಲ್ಲಿ .357 ಮ್ಯಾಗ್ನಮ್ ಹಾಕಿದರೆ 30 ಜೂಲ್ ಹತ್ತಿರ ಹೋಗುತ್ತೆ.

ಜೂಲ್ ಅಂದ್ರೆ ಕೈಗೆ ಏನೂ ಅನ್ನಿಸಲ್ಲ, ಕ್ರಿಕೆಟ್‌ಗೆ ಬನ್ನಿ. 160 ಗ್ರಾಂನ ಲೆದರ್ ಬಾಲ್ ಗಂಟೆಗೆ 35 ಕಿ.ಮೀ. ವೇಗದಲ್ಲಿ ಬಂದರೆ ಅದರಲ್ಲಿರೋದು 7.4 ಜೂಲ್. ಬರಿಗೈಯಲ್ಲಿ ಹಿಡೀತೀರಿ, ಸ್ವಲ್ಪ ಚುರ್ ಅನ್ನುತ್ತೆ. 30 ಜೂಲ್ ಅಂದ್ರೆ ಅದೇ ಬಾಲ್ 70 ಕಿ.ಮೀ. ವೇಗದಲ್ಲಿ. ವ್ಯತ್ಯಾಸ ಏನಂದ್ರೆ ಬಾಲ್ ಹಿಡಿಯುವಾಗ ಕೈ ಹಿಂದಕ್ಕೆ ಎಳೆದುಕೊಳ್ಳೋಕೆ ಜಾಗ ಇರುತ್ತೆ, ದುಂಡಗಿನ ಬಾಲ್ ಇಡೀ ಅಂಗೈ ತುಂಬುತ್ತೆ. ಗನ್ ಮೊದಲೇ ಕೈಗೆ ಒತ್ತಿಕೊಂಡಿದೆ, ಅದರ ಬೆನ್ನು ಬೆರಳಗಲದ ಒಂದು ಲೋಹದ ಪಟ್ಟಿ. ಆ ಪಟ್ಟಿ ಹೆಬ್ಬೆರಳು ಮತ್ತು ತೋರುಬೆರಳಿನ ಮಧ್ಯದ ಮೆತ್ತನೆ ಜಾಗಕ್ಕೆ ಹೊಡೆಯುತ್ತೆ.

ಇಲ್ಲೇ ಗ್ರಿಪ್‌ನ ಕೆಲಸ ಶುರುವಾಗೋದು. ಸಂವೇಗವನ್ನು ಗ್ರಿಪ್ ಕಡಿಮೆ ಮಾಡಲಾರದು. ಅದು ಮಾಡಬಹುದಾದ್ದು ಮೂರೇ: ಪೆಟ್ಟು ಬೀಳುವ ಜಾಗ ಅಗಲ ಮಾಡೋದು, ನಿಲ್ಲುವ ದೂರ ಸ್ವಲ್ಪ ಹೆಚ್ಚಿಸೋದು, ಸನ್ನೆಕೋಲಿನ ಉದ್ದ ಬದಲಾಯಿಸೋದು. ಅಂಗಡಿಯವರು ಒತ್ತಿ ಹೇಳೋದು ಎರಡನೆಯದನ್ನು: ‘ಮೆತ್ತನೆ ರಬ್ಬರ್, ಒದೆತ ನುಂಗುತ್ತೆ.’ ಲೆಕ್ಕ ಹಾಕಿ ನೋಡಿ. ಕೈ, ಮಣಿಕಟ್ಟು ಎಲ್ಲ ಸೇರಿ ಗನ್ 20 ಮಿ.ಮೀ. ದೂರದಲ್ಲಿ ನಿಲ್ಲುತ್ತೆ ಅಂದುಕೊಂಡರೆ ಸರಾಸರಿ ಬಲ 370 ನ್ಯೂಟನ್. ರಬ್ಬರ್ ಒತ್ತಿಕೊಂಡು ಇನ್ನೊಂದು 4 ಮಿ.ಮೀ. ಕೊಟ್ಟಿತು ಅನ್ನಿ, 308 ನ್ಯೂಟನ್. ಆರನೇ ಒಂದು ಭಾಗ ಕಡಿಮೆ ಆಯಿತು. ಪರವಾಗಿಲ್ಲ. ಆದರೆ ಬೆನ್ನಿನ ಅಗಲವನ್ನು ಎರಡರಷ್ಟು ಮಾಡಿದರೆ, ಗಟ್ಟಿ ಮರದ್ದೇ ಆದರೂ, ಒತ್ತಡ ಅರ್ಧಕ್ಕೆ ಇಳಿಯುತ್ತೆ. ಅಂದ್ರೆ ಮೆತ್ತಗಿರೋದಕ್ಕಿಂತ ಅಗಲವಾಗಿರೋದು ಹೆಚ್ಚು ಕೆಲಸ ಮಾಡುತ್ತೆ. ಅಂಗೈಗೆ ತುಂಬಿ ಕೂರುವ ಮರದ ಗ್ರಿಪ್ ತೆಳ್ಳನೆ ರಬ್ಬರ್‌ಗಿಂತ ಹಿತ ಅಂತ ಹಳಬರು ಹೇಳೋದು ಬರೀ ಹಳೇ ಕಾಲದ ಮೋಹ ಅಲ್ಲ. ಕೊಡಲಿಗೆ ಕಾವು ಹಾಕುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ; ಕಾವನ್ನು ಅವರು ಮೆತ್ತಗೆ ಮಾಡಲ್ಲ, ಕೈಗೆ ತುಂಬುವ ಹಾಗೆ ಕೆತ್ತುತ್ತಾರೆ.

ಹಾಗಂತ ರಬ್ಬರ್ ದಂಡ ಅಂತಲ್ಲ. ಮೊದಲ ಕ್ಷಣದ ಚೂಪಾದ ಹೊಡೆತವನ್ನು ಅದು ಮೊಂಡು ಮಾಡುತ್ತೆ, ಬೆವರಿದ ಕೈಯಲ್ಲಿ ಜಾರಲ್ಲ. ಹೋಗ್ ಕಂಪನಿಯ ‘ಟೇಮರ್’ ಗ್ರಿಪ್ಪಿನ ಬೆನ್ನಲ್ಲಿ ಸಾರ್ಬೊಥೇನ್ ಅನ್ನುವ, ಶಕ್ತಿಯನ್ನು ಶಾಖವಾಗಿಸಿ ಕಳೆಯುವ ವಸ್ತುವಿನ ತುಂಡು ಇಡುತ್ತಾರೆ. ಬರೀ ಸ್ಪ್ರಿಂಗ್ ಥರ ಇದ್ದರೆ ಅದು ಶಕ್ತಿಯನ್ನು ವಾಪಸ್ ಕೈಗೇ ಕೊಡುತ್ತೆ. ಡ್ಯಾಂಪರ್ ಯಾಕೆ ಬೇಕು ಅಂತ ವೈಬ್ರೇಷನ್ಸ್ ಕ್ಲಾಸಿನಲ್ಲಿ ಕೇಳಿದವರಿಗೆ ಇದೇ ಉತ್ತರ.

ಒಂದು ವಿಚಿತ್ರ ಗಮನಿಸಿ. ಗುಂಡು ಬ್ಯಾರೆಲ್ ಬಿಡೋಕೆ ಒಂದು ಮಿಲಿಸೆಕೆಂಡ್ ಕೂಡ ಬೇಕಾಗಲ್ಲ, ಅಷ್ಟರಲ್ಲಿ ಗನ್ ಹಿಂದೆ ಸರಿದಿರೋದು ಒಂದೂವರೆ ಎರಡು ಮಿ.ಮೀ. ಅಷ್ಟೇ. ಅಂದ್ರೆ ಕೈಗೆ ನೋವಾಗುವ ಹೊತ್ತಿಗೆ ಆ ಗುಂಡು ಹೋಗಿ ಆಗಿದೆ. ಹಾಗಾದ್ರೆ ನೋವಿನಿಂದ ಗುರಿ ಯಾಕೆ ತಪ್ಪುತ್ತೆ? ಮುಂದಿನ ಗುಂಡಿಗೆ. ಮನಸ್ಸು ಹಿಂದಿನ ಪೆಟ್ಟನ್ನು ನೆನಪಿಟ್ಟುಕೊಂಡು ಟ್ರಿಗರ್ ಬೀಳುವ ಮೊದಲೇ ಕೈಯನ್ನು ಬಿಗಿದು ಮೂತಿಯನ್ನು ಕೆಳಕ್ಕೆ ತಳ್ಳುತ್ತೆ. ಇದಕ್ಕೆ ‘ಫ್ಲಿಂಚ್’ ಅಂತಾರೆ. ಒಮ್ಮೆ ಅಂಟಿಕೊಂಡರೆ ಬಿಡಿಸೋದು ಕಷ್ಟ. ಗ್ರಿಪ್ ಬದಲಾಯಿಸೋದು ಈ ಅಭ್ಯಾಸ ಅಂಟದಿರಲಿ ಅಂತ, ಸುಖಕ್ಕಲ್ಲ.

ಸದ್ದಾಗುವ ಮೊದಲಿನ ಕೆಲಸ

ಗ್ರಿಪ್ ಬಗ್ಗೆ ಮಾತು ಬಂದರೆ ಎಲ್ಲರೂ ಒದೆತದ ಬಗ್ಗೆ ಮಾತಾಡ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಟ್ರಿಗರ್.

ಈ ರಿವಾಲ್ವರಿನ ಟ್ರಿಗರ್ ಎಳೆಯೋಕೆ ಸುಮಾರು 12 ಪೌಂಡ್ ಬಲ ಬೇಕು, 53 ನ್ಯೂಟನ್. ಒಂದೇ ಎಳೆತದಲ್ಲಿ ಸಿಲಿಂಡರ್ ತಿರುಗಬೇಕು, ಹ್ಯಾಮರ್ ಹಿಂದೆ ಹೋಗಿ ಬೀಳಬೇಕು. ಗನ್ನಿನ ತೂಕವೋ 4 ನ್ಯೂಟನ್. ತನ್ನ ತೂಕದ ಹದಿಮೂರು ಪಟ್ಟು ಬಲದಲ್ಲಿ ಎಳೆಯುವಾಗ ಆ ವಸ್ತು ಅಲ್ಲಾಡದೆ ನಿಲ್ಲಬೇಕು. ಫ್ರೀ ಬಾಡಿ ಡಯಾಗ್ರಂ ಬರೆದು ನೋಡಿ, ಹಿಂದಿನಿಂದ ಅಂಗೈ ಕೊಡುವ ಪ್ರತಿಬಲ ಟ್ರಿಗರ್ ರೇಖೆಯಲ್ಲೇ ಇಲ್ಲದಿದ್ದರೆ ಒಂದು ಕಪಲ್ ಹುಟ್ಟಿಕೊಳ್ಳುತ್ತೆ, ಮೂತಿ ತಿರುಗುತ್ತೆ. ಮುಂದಿನ ಸೈಟ್‌ನಿಂದ ಹಿಂದಿನ ಸೈಟ್‌ಗೆ ಸುಮಾರು 90 ಮಿ.ಮೀ. ಅಂತ ಇಟ್ಟುಕೊಳ್ಳಿ. ಒಂದು ಮಿ.ಮೀ. ಓರೆಯಾದರೆ 7 ಮೀಟರ್ ದೂರದಲ್ಲಿ ಹತ್ತಿರ ಹತ್ತಿರ 8 ಸೆಂ.ಮೀ. ಪಕ್ಕಕ್ಕೆ. ಉದ್ದ ಬ್ಯಾರೆಲ್ಲಿನ ಗನ್ನಿಗೆ ಈ ತಪ್ಪು ಇಷ್ಟು ದೊಡ್ಡದಾಗಲ್ಲ.

ಹಾಗಾಗಿ ಮೊದಲ ಪ್ರಶ್ನೆ ರಬ್ಬರಾ ಮರವಾ ಅನ್ನೋದಲ್ಲ. ಗ್ರಿಪ್ ಚೌಕಟ್ಟಿನ ಬೆನ್ನನ್ನು ಮುಚ್ಚುತ್ತಾ, ಬಿಟ್ಟಿರುತ್ತಾ ಅನ್ನೋದು. ಮುಚ್ಚಿದರೆ ಪೆಟ್ಟು ಹರಡುತ್ತೆ, ನಿಜ. ಆದರೆ ಕೆಲವು ಮಿ.ಮೀ. ದಪ್ಪ ಬೆನ್ನಿಗೆ ಸೇರಿತು, ಅಷ್ಟರಮಟ್ಟಿಗೆ ಟ್ರಿಗರ್ ಬೆರಳಿನಿಂದ ದೂರ ಹೋಯಿತು. ಸಣ್ಣ ಕೈಯವರಿಗೆ ಬೆರಳ ತುದಿ ಮಾತ್ರ ಮುಟ್ಟುತ್ತೆ, ತುದಿಯಲ್ಲಿ 53 ನ್ಯೂಟನ್ ಎಳೆಯೋಕೆ ಆಗದೆ ಇಡೀ ಕೈಯನ್ನೇ ಸುತ್ತಿ ಹಿಡಿಯುತ್ತಾರೆ, ಆಗ ಒದೆತ ಅಂಗೈ ಬದಲು ಹೆಬ್ಬೆರಳಿನ ಗೆಣ್ಣಿಗೆ ಬೀಳುತ್ತೆ. ನೋವು ಕಡಿಮೆ ಮಾಡೋಕೆ ಹಾಕಿದ ಗ್ರಿಪ್ ನೋವು ಹೆಚ್ಚು ಮಾಡಿತು! ದೊಡ್ಡ ಕೈಯವರ ಕಷ್ಟ ಉಲ್ಟಾ: ತೆಳ್ಳನೆ ಗ್ರಿಪ್‌ನಲ್ಲಿ ಬೆರಳು ಟ್ರಿಗರ್ ದಾಟಿ ಒಳಗೆ ಹೋಗಿ, ಎಳೆದಾಗ ಹೆಬ್ಬೆರಳಿಗೇ ಡಿಕ್ಕಿ ಹೊಡೆಯುತ್ತೆ. ಅವರಿಗೆ ಮುಚ್ಚಿದ ಬೆನ್ನೇ ಸರಿ.

ನೋಡುವ ವಿಧಾನ ಸುಲಭ. ಗನ್ ಖಾಲಿ ಇದೆ ಅಂತ ಎರಡು ಸಲ ನೋಡಿ, ಬ್ಯಾರೆಲ್ ಮುಂಗೈ ಮೂಳೆಗೆ ನೇರವಾಗಿ ಬರುವಂತೆ ಹಿಡಿದು, ಆಮೇಲೆ ಬೆರಳು ಟ್ರಿಗರ್ ಮೇಲೆ ಎಲ್ಲಿ ಕೂರುತ್ತೆ ನೋಡಬೇಕು. ಬೆರಳಿನ ಮೊದಲ ಗೆಣ್ಣಿನ ಆಸುಪಾಸು ಬಂದರೆ ಸಾಕು.

ಇನ್ನೊಂದು ಜಾಗ ಟ್ರಿಗರ್ ಗಾರ್ಡಿನ ಹಿಂದಿನ ಸಂದು. ಹಳೇ ಕಾರ್ಖಾನೆ ಮರದ ಗ್ರಿಪ್‌ಗಳು ಬರೀ ಎರಡು ಚಪ್ಪಟೆ ಹಲಗೆ. ಆ ಸಂದು ಖಾಲಿ ಇರುತ್ತಿತ್ತು. ನಡುಬೆರಳು ಅದರೊಳಗೆ ಮೇಲೇರಿ ಕೂತು, ಪ್ರತಿ ಗುಂಡಿಗೂ ಗಾರ್ಡಿನ ಉಕ್ಕು ಗೆಣ್ಣಿಗೆ ಬಡಿಯುತ್ತಿತ್ತು. ಅದಕ್ಕೆ ಒಕ್ಲಹೋಮಾದ ಮೆಲ್ವಿನ್ ಟೈಲರ್ ಮಾಡಿದ ಪರಿಹಾರ ನನಗೆ ತುಂಬಾ ಇಷ್ಟ: ಸಂದು ತುಂಬುವ ಒಂದು ಸಣ್ಣ ಅಲ್ಯೂಮಿನಿಯಂ ತುಂಡು, ಹಲಗೆಗಳ ಕೆಳಗೆ ಸಿಕ್ಕಿಸಿಡೋದು. ಟಿ-ಗ್ರಿಪ್ ಅಂತ ಹೆಸರು. ಬುಡ ಒಂದು ಮಿ.ಮೀ. ಕೂಡ ಬೆಳೆಯಲ್ಲ, ಬೆನ್ನು ದಪ್ಪ ಆಗಲ್ಲ, ಹಿಡಿತ ಮಾತ್ರ ಬದಲಾಗುತ್ತೆ. ಇಂಥದ್ದನ್ನು ನೋಡಿದಾಗ ಇಂಜಿನಿಯರಿಂಗ್ ಮೇಲೆ ಗೌರವ ಬರುತ್ತೆ.

ಜೇಬು ಮತ್ತು ಅಂಗಿ

ಇಷ್ಟು ಹೊತ್ತು ಗುಂಡು ಹೊಡೆಯುವ ಕೈಯ ಕಡೆಯಿಂದ ಮಾತಾಡಿದ್ದಾಯ್ತು. ಆದರೆ ಈ ಗನ್ ದಿನವಿಡೀ ಇರೋದು ಬಟ್ಟೆಯೊಳಗೆ. ಅಮೆರಿಕದ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಇವತ್ತು ಪರ್ಮಿಟ್ ಇಲ್ಲದೆಯೂ ಅರ್ಹರಾದ ವಯಸ್ಕರು ಮರೆಯಾಗಿ ಗನ್ ಒಯ್ಯಬಹುದು, 2022ರ ಬ್ರೂಯೆನ್ ತೀರ್ಪಿನ ನಂತರ ಬಿಗಿಯಾಗಿದ್ದ ನ್ಯೂಯಾರ್ಕ್ ಥರದ ರಾಜ್ಯಗಳೂ ನಿಯಮ ಬದಲಿಸಬೇಕಾಯಿತು. ಹೊರಗಿನಿಂದ ಅದರ ಆಕಾರ ಎದ್ದು ಕಾಣೋದಕ್ಕೆ ಅಲ್ಲಿನವರು ‘ಪ್ರಿಂಟಿಂಗ್’ ಅನ್ನುತ್ತಾರೆ. ಕಂಡವರು ಹೆದರಬಹುದು, ಪೊಲೀಸರಿಗೆ ಫೋನ್ ಮಾಡಬಹುದು.

ಪ್ರಿಂಟ್ ಆಗುವ ಭಾಗ ಯಾವುದು? ಸೊಂಟದಲ್ಲಿ ಸಿಕ್ಕಿಸಿದಾಗ ಬ್ಯಾರೆಲ್, ಸಿಲಿಂಡರ್ ಎರಡೂ ಬೆಲ್ಟಿನ ಕೆಳಗೆ. ಮೇಲೆ ಉಳಿಯೋದು ಹಿಡಿ. ಅದರ ಬುಡದ ಮೂಲೆ ಅಂಗಿಯನ್ನು ಡೇರೆ ಥರ ಎತ್ತುತ್ತೆ. ಹಾಗಾಗಿ ಕಿರುಬೆರಳಿಗೂ ಜಾಗ ಕೊಡುವ ಉದ್ದ ಗ್ರಿಪ್ ಹಾಕಿದರೆ ಬ್ಯಾರೆಲ್ ಚಿಕ್ಕದಿದ್ದೂ ದಂಡ. ಚೌಕಟ್ಟಿನ ಬುಡಕ್ಕೇ ನಿಂತುಬಿಡುವ ಚಿಕ್ಕ ಗ್ರಿಪ್‌ಗೆ ‘ಬೂಟ್ ಗ್ರಿಪ್’ ಅಂತ ಹೆಸರು. ಕ್ರೇಗ್ ಸ್ಪೀಗಲ್ ಅನ್ನುವ ಕುಶಲಕರ್ಮಿಯ ವಿನ್ಯಾಸ ಇದರಲ್ಲಿ ಹೆಸರುವಾಸಿ. ಕಿರುಬೆರಳು ಗಾಳಿಯಲ್ಲಿ ನೇತಾಡುತ್ತೆ, ಇಲ್ಲಾ ಬುಡದ ಕೆಳಗೆ ಮಡಚಿಕೊಳ್ಳಬೇಕು.

ಕಿರುಬೆರಳು ಹೋದರೆ ಏನಾಯ್ತು ಅನ್ನಬೇಡಿ. ಬ್ಯಾರೆಲ್ಲಿನ ರೇಖೆ ಕೈಗಿಂತ ಮೇಲಿದೆ, ಒದೆತ ಗನ್ನನ್ನು ಹಿಂದೆ ತಳ್ಳೋದರ ಜೊತೆಗೆ ಮೂತಿಯನ್ನು ಮೇಲಕ್ಕೆ ತಿರುಗಿಸುತ್ತೆ. ಹೆಬ್ಬೆರಳ ಸಂದಿನ ಜಾಗವೇ ಫಲ್ಕ್ರಂ. ತಿರುಗದಂತೆ ತಡೆಯೋದು ಕೆಳಗಿನ ಬೆರಳುಗಳು, ಅತಿ ಕೆಳಗಿನ ಬೆರಳಿಗೆ ಅತಿ ಉದ್ದದ ಸನ್ನೆ. ಬೂಟ್ ಗ್ರಿಪ್‌ನಲ್ಲಿ ನೀವು ಬಿಟ್ಟುಕೊಡೋದು ಆ ಬೆರಳನ್ನೇ.

ಅಂದ್ರೆ ಹೊಡೆಯೋಕೆ ಅತ್ಯುತ್ತಮವಾದ ಗ್ರಿಪ್ ಒಯ್ಯೋಕೆ ಅತಿ ಕೆಟ್ಟದ್ದು, ಒಯ್ಯೋಕೆ ಚೆನ್ನಾಗಿರೋದು ಹೊಡೆಯೋಕೆ ಕೆಟ್ಟದ್ದು. ಆಪ್ಟಿಮೈಸೇಷನ್ ಮಾಡುವಾಗ ಯಾವುದಕ್ಕೆ ಎಷ್ಟು ವೆಯ್ಟ್ ಕೊಡ್ತೀರಿ? ಗಂಟೆಗಳ ಲೆಕ್ಕ ಹಾಕಿದರೆ ಒಯ್ಯೋದೇ ಎಲ್ಲ. ಹೊಡೆಯೋದು ಜೀವಮಾನದಲ್ಲಿ ಒಮ್ಮೆಯೂ ಬರದೆ ಇರಬಹುದು, ಬರದಿರಲಿ. ಆದರೆ ಬಂದರೆ ಆ ಕೆಲವು ಸೆಕೆಂಡಿನ ಬೆಲೆಗೆ ಮೇಲಿನ ಮಿತಿಯೇ ಇಲ್ಲ. ಸರಾಸರಿ ತೆಗೆದು ಉತ್ತರ ಬರುವ ಪ್ರಶ್ನೆ ಅಲ್ಲ ಇದು. ಕೆಲವರು ಎರಡು ಜೊತೆ ಇಟ್ಟುಕೊಳ್ಳುತ್ತಾರೆ, ರೇಂಜಿನಲ್ಲಿ ಅಭ್ಯಾಸಕ್ಕೆ ದೊಡ್ಡದು, ಬೀದಿಗೆ ಚಿಕ್ಕದು. ಎರಡರಲ್ಲೂ ಬೆನ್ನಿನ ದಪ್ಪ ಒಂದೇ ಇದ್ದರೆ ಪರವಾಗಿಲ್ಲ. ಇಲ್ಲದಿದ್ದರೆ ಒಂದು ಕೈಗೆ ಕಲಿಸಿ ಇನ್ನೊಂದು ಕೈಯಲ್ಲಿ ಪರೀಕ್ಷೆ ಬರೆಸಿದ ಹಾಗೆ.

ರಬ್ಬರಿನ ನಿಜವಾದ ತೊಂದರೆ ಬಟ್ಟೆಯಲ್ಲಿ ಗೊತ್ತಾಗುತ್ತೆ. ಕೈಗೆ ಜಾರದ ವಸ್ತು ಅಂಗಿಗೂ ಜಾರಲ್ಲ. ಬಗ್ಗಿ ಎದ್ದಾಗ ಹತ್ತಿ ಅಂಗಿ ಅದಕ್ಕೆ ಅಂಟಿ ಮೇಲೇ ಉಳಿದು ಪ್ರಿಂಟ್ ಆಗುತ್ತೆ. ಜೇಬಿನಿಂದ ತೆಗೆಯುವಾಗ ಒಳಗಿನ ಬಟ್ಟೆ ಜೊತೆಗೇ ಎಳೆದುಕೊಂಡು ಬರುತ್ತೆ. ನಾವು ಕಲಿತ ಸರಳ ಘರ್ಷಣೆ ಸೂತ್ರ ರಬ್ಬರಿಗೆ ಪೂರ್ತಿ ಒಗ್ಗಲ್ಲ, ಮುಟ್ಟುವ ಜಾಗ ಹೆಚ್ಚಾದಷ್ಟೂ ಅದು ಹಿಡಿಯುತ್ತೆ. ಜೇಬಿನಲ್ಲಿ ಇಡುವವರಿಗೆ ನಯವಾದ ಮರ ಅಥವಾ ಪಾಲಿಮರ್ ಮೇಲು. ಜೇಬಲ್ಲೇ ಇಟ್ಟರೂ ಟ್ರಿಗರ್ ಮುಚ್ಚುವ ಹೋಲ್ಸ್ಟರ್ ಬೇಕೇ ಬೇಕು, ಅದರಲ್ಲಿ ಚೌಕಾಸಿ ಇಲ್ಲ. ಮುಷ್ಟಿ ಜೇಬಿನ ಬಾಯಿಂದ ಹೊರಬರುತ್ತಾ ಅಂತಲೂ ನೋಡಬೇಕು, ಉಬ್ಬಿದ ಗ್ರಿಪ್ ಹಿಡಿದ ಮುಷ್ಟಿ ಎಷ್ಟೋ ಪ್ಯಾಂಟ್‌ಗಳಲ್ಲಿ ಬರಲ್ಲ.

ಮರ, ಜಿ-10, ಮತ್ತೊಂದಿಷ್ಟು

ವಾಲ್ನಟ್ ಹಳೇ ನಂಬಿಕಸ್ಥ. ದುಬಾರಿ ಗ್ರಿಪ್‌ಗಳಲ್ಲಿ ಕೊಕೊಬೊಲೊ ಅನ್ನುವ ಮಧ್ಯ ಅಮೆರಿಕದ ಕೆಂಪು ಮರ ಕಾಣುತ್ತೆ. ಅದು ನಮ್ಮ ಮಲೆನಾಡಿನ ಬೀಟೆಯ ದಾಯಾದಿ, ಎರಡೂ ಡಾಲ್ಬರ್ಜಿಯಾ ಕುಲದವು. ಎಣ್ಣೆಯಂಶ ಇರುವುದರಿಂದ ಬೆವರು ತಡೆಯುತ್ತೆ, ಆದರೆ ಉಜ್ಜುವಾಗ ಏಳುವ ಪುಡಿ ಕೆಲವರ ಚರ್ಮಕ್ಕೆ, ಉಸಿರಿಗೆ ಆಗಲ್ಲ. ಇಸಿ ಬ್ರಾಂಚಿನವರಿಗೆ ಹತ್ತಿರದ್ದು ಜಿ-10: ಗಾಜಿನ ನಾರಿನ ಬಟ್ಟೆ ಮತ್ತು ಎಪಾಕ್ಸಿ ಸೇರಿಸಿ ಒತ್ತಿದ ಹಲಗೆ. ನೀವು ಬೆಸುಗೆ ಹಾಕುವ ಪಿಸಿಬಿಯ ಎಫ್‌ಆರ್-4 ಅದರ ಬೆಂಕಿ ನಿರೋಧಕ ತಮ್ಮ. ನೀರು ಕುಡಿಯಲ್ಲ, ಊದಲ್ಲ, ಒಡೆಯೋದು ಅಪರೂಪ. ಆದರೆ ಅದರ ಮೇಲೆ ಚೂಪಾಗಿ ಗೀರು ಕೊರೆದಿದ್ದರೆ ಅರ ಇದ್ದ ಹಾಗೆ, ಅಂಗಿಯ ಒಳಮೈ ಮತ್ತು ಸೊಂಟದ ಚರ್ಮ ಎರಡನ್ನೂ ಸವೆಸುತ್ತೆ.

ಅಂದ ನೋಡಿ ಕೊಂಡವರು ಬೀಳುವ ಗುಂಡಿ ಇನ್ನೊಂದಿದೆ, ಎಡಗಡೆ ಹಲಗೆಯ ಮೇಲ್ಭಾಗ. ಸಿಲಿಂಡರ್ ಎಡಕ್ಕೆ ತೆರೆಯುತ್ತೆ, ಖಾಲಿ ಚಿಪ್ಪುಗಳು ಹಿಂದಕ್ಕೆ ಬರುತ್ತವೆ. ಬ್ಯಾರೆಲ್ ಚಿಕ್ಕದಾದ್ದರಿಂದ ಚಿಪ್ಪು ತಳ್ಳುವ ಸರಳೂ ಚಿಕ್ಕದು, ಮೊದಲೇ ಅದು ಪೂರ್ತಿ ಹೊರಗೆ ತಳ್ಳಲ್ಲ. ಅಲ್ಲಿ ಗ್ರಿಪ್ ಉಬ್ಬಿದ್ದರೆ ಚಿಪ್ಪು ಅದಕ್ಕೆ ತಾಗಿ ನಿಂತುಬಿಡುತ್ತೆ, ಐದು ಗುಂಡನ್ನು ಒಟ್ಟಿಗೆ ತುಂಬುವ ಸ್ಪೀಡ್‌ಲೋಡರ್ ಓರೆಯಾಗುತ್ತೆ. ಒಳ್ಳೆ ಗ್ರಿಪ್‌ನಲ್ಲಿ ಆ ಜಾಗವನ್ನು ಬಟ್ಟಲಿನ ಹಾಗೆ ತೋಡಿರುತ್ತಾರೆ. ಫೋಟೋದಲ್ಲಿ ಬಲಗಡೆ ಮಾತ್ರ ತೋರಿಸಿದ್ದರೆ ಕೊಳ್ಳುವ ಮುಂಚೆ ಎಡಗಡೆ ಕೇಳಬೇಕು. ಕ್ರಿಮ್ಸನ್ ಟ್ರೇಸ್ ಕಂಪನಿಯ ಲೇಸರ್ ಗ್ರಿಪ್ ಕೂಡ ಇದೆ, ನಡುಬೆರಳು ಒತ್ತಿದರೆ ಕೆಂಪು ಚುಕ್ಕೆ ಬೀಳುತ್ತೆ. ಕತ್ತಲಲ್ಲಿ ಉಪಯೋಗ, ಬ್ಯಾಟರಿ ಬದಲಾಯಿಸೋದು ನೆನಪಿರಬೇಕು.

ನಿರ್ವಹಣೆಯಲ್ಲಿ ಎರಡೇ ಮಾತು. ಬೆನ್ನು ಮುಚ್ಚಿದ ರಬ್ಬರ್ ಒಳಗೆ ಬೆವರು ನಿಂತು ಉಕ್ಕಿನ ಚೌಕಟ್ಟು ತುಕ್ಕು ಹಿಡಿಯುತ್ತೆ, ಆಗಾಗ ಬಿಚ್ಚಿ ಒರೆಸಬೇಕು. ಮರದ್ದಾದರೆ ಸ್ಕ್ರೂ ಅತಿಯಾಗಿ ಬಿಗಿಯಬಾರದು, ಸೀಳುತ್ತೆ.

ಕೌಂಟರಿನ ಆಚೆಯಿಂದ ಬರುವ ಸಲಹೆ

ಅಮೆರಿಕದ ಗನ್ ಅಂಗಡಿಗಳಲ್ಲಿ ಹೆಣ್ಣುಮಕ್ಕಳು ಬಂದರೆ ಅತಿ ಚಿಕ್ಕ, ಅತಿ ಹಗುರದ ರಿವಾಲ್ವರ್ ಮುಂದೆ ಇಡುತ್ತಾರೆ ಅನ್ನೋದು ಅಲ್ಲಿನ ಮಹಿಳಾ ತರಬೇತುದಾರರ ಹಳೇ ದೂರು. ಸ್ಮಿತ್ ಅಂಡ್ ವೆಸನ್ 1989ರಲ್ಲಿ ಮಾಡೆಲ್ 36ನ್ನೇ ‘ಲೇಡಿಸ್ಮಿತ್’ ಅಂತ ಸಣ್ಣ ಕೈಗೆ ಹೊಂದುವ ಗ್ರಿಪ್ ಹಾಕಿ ಮಾರಿತು. ಅದು ಉಕ್ಕಿನದ್ದಾದ್ದರಿಂದ ಅಷ್ಟು ಕೆಟ್ಟ ಆಯ್ಕೆ ಅಲ್ಲ. ನಮ್ಮಲ್ಲೂ 2014ರಲ್ಲಿ ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿ ಹೆಣ್ಣುಮಕ್ಕಳಿಗಾಗಿ ಅಂತಲೇ ‘ನಿರ್ಭೀಕ್’ ಹೊರತಂದಿತು, .32 ಬೋರ್, ಟೈಟಾನಿಯಂ ಮಿಶ್ರಲೋಹ, ಸುಮಾರು 500 ಗ್ರಾಂ. ಲಕ್ಷ ರೂಪಾಯಿ ದಾಟಿದ ಬೆಲೆ, ಮೇಲೆ ಲೈಸೆನ್ಸ್ ಬೇರೆ. ಪ್ರಚಾರ ಎಲ್ಲ ಕಡೆ ಒಂದೇ: ‘ಹಗುರ.’ ಹಗುರ ಅಂದ್ರೆ ಒದೆತ ಜಾಸ್ತಿ ಅಂತ ಮೇಲಿನ ಲೆಕ್ಕದಲ್ಲಿ ನೋಡಿದಿರಿ. ನಿರ್ಭೀಕ್‌ನ .32 ಗುಂಡು ಸೌಮ್ಯವಾದ್ದರಿಂದ ಅಲ್ಲಿ ಬಚಾವು. 340 ಪಿಡಿ ಕೊಂಡವರಿಗೆ ಆ ಪುಣ್ಯ ಇಲ್ಲ, ಅಲ್ಲಿ ಯಾವ ಗ್ರಿಪ್ ಹಾಕಿದರೂ ಮ್ಯಾಗ್ನಮ್ಮಿನ 30 ಜೂಲ್ 30 ಜೂಲೇ.

ಅದಕ್ಕೇ ಗ್ರಿಪ್‌ಗೆ ದುಡ್ಡು ಹಾಕುವ ಮೊದಲು ಗುಂಡು ಬದಲಾಯಿಸಿ ನೋಡಬೇಕು ಅಂತ ಅನುಭವಿಗಳು ಹೇಳುತ್ತಾರೆ. 148 ಗ್ರೇನಿನ ವಾಡ್‌ಕಟರ್ ಅನ್ನುವ ಮೊಂಡು ಮೂತಿಯ ಗುಂಡು ನಿಧಾನ, ಮದ್ದೂ ಕಡಿಮೆ. ಸೆಕೆಂಡಿಗೆ 195 ಮೀಟರ್ ಅಂತ ಇಟ್ಟು ಲೆಕ್ಕ ಹಾಕಿದರೆ 642ರಲ್ಲಿ 7.4 ಜೂಲ್ ಇದ್ದದ್ದು 5.3ಕ್ಕೆ ಇಳಿಯುತ್ತೆ. ಗ್ರಿಪ್ ಮುಟ್ಟದೇ ಅಲ್ಯೂಮಿನಿಯಂ ಗನ್ ಉಕ್ಕಿನ ಗನ್ ಆಯಿತು.

ಎಂಎಸ್ ಮಾಡೋಕೆ ಹೊರಟಿರುವ ಸೀನಿಯರ್‌ಗಳಿಗೆ ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಎಫ್-1, ಎಚ್-1ಬಿ ಥರದ ವೀಸಾದಲ್ಲಿ ಇರುವವರು ಗನ್ ಆಗಲಿ ಗುಂಡಾಗಲಿ ಇಟ್ಟುಕೊಳ್ಳೋದು ಅಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಬೇಟೆ ಲೈಸೆನ್ಸ್ ಇರುವವರಿಗೆ ಅಂಥ ಕೆಲವು ವಿನಾಯಿತಿ ಬಿಟ್ಟರೆ ಬೇರೆ ದಾರಿ ಇಲ್ಲ. ರೂಮ್‌ಮೇಟ್ ರೇಂಜಿಗೆ ಕರೆದರೆ, ‘ಸುಮ್ಮನೆ ಹಿಡ್ಕೊಂಡು ನೋಡು’ ಅಂದರೆ, ನಗ್ತಾ ಬೇಡ ಅನ್ನಿ. ಕೈಯಲ್ಲಿ ಹಿಡಿಯೋದನ್ನೂ ಕಾನೂನು ಇಟ್ಟುಕೊಂಡ ಹಾಗೆ ಅಂತಲೇ ನೋಡಬಹುದು, ವೀಸಾ ಹೋಗುತ್ತೆ.

ಇನ್ನು ಆರಿಸೋದು. 642, ಸಣ್ಣ ಕೈ, ಸೊಂಟದಲ್ಲಿ ಒಯ್ಯೋದು ಅಂದ್ರೆ ನಾನು ಬೆನ್ನು ಬಿಟ್ಟಿರುವ, ಮುಂದಿನ ಸಂದು ತುಂಬಿರುವ ಮರದ ಬೂಟ್ ಗ್ರಿಪ್ ಹೇಳ್ತೀನಿ, ಜೊತೆಗೆ ವಾಡ್‌ಕಟರ್. ಅದೇ ಗನ್, ದೊಡ್ಡ ಕೈ, ಸೊಂಟ ಅಂದ್ರೆ ಬೆನ್ನು ಮುಚ್ಚಿದ್ದು, ಹೊರಮೈ ನಯವಾಗಿದ್ದರೆ ಒಳ್ಳೇದು. ದೊಡ್ಡ ಕೈ ಮತ್ತು ಜೇಬು ಎರಡೂ ಕೂಡಿ ಬಂದರೆ ಸುಲಭದ ಉತ್ತರ ಇಲ್ಲ. ಅಂಥವರು ಜಾಗವನ್ನೇ ಬದಲಾಯಿಸಿ ಸೊಂಟಕ್ಕೆ ಹೋಗೋದು ವಾಸಿ.

ಆರಿಸಿದ್ದು ಸರಿಯಾ ಅಂತ ನೋಡೋಕೆ ಒಂದು ಗುಂಡೂ ಖರ್ಚಾಗಬೇಕಿಲ್ಲ. ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಸಿಲಿಂಡರ್ ಖಾಲಿ ಅಂತ ಮತ್ತೆ ಖಾತ್ರಿ ಮಾಡಿಕೊಂಡು, ಸಿಲಿಂಡರಿನಲ್ಲಿ ಸ್ನ್ಯಾಪ್ ಕ್ಯಾಪ್ ಅನ್ನುವ ಡಮ್ಮಿ ಗುಂಡು ಹಾಕಿ, ಗುಂಡು ದಾಟದ ಗೋಡೆಯ ಕಡೆ ಹಿಡಿದು, ಬ್ಯಾರೆಲ್ ಮೇಲೆ ಒಂದು ನಾಣ್ಯ ಇಡಿಸಿಕೊಂಡು ಟ್ರಿಗರನ್ನು ನಿಧಾನಕ್ಕೆ ಪೂರ್ತಿ ಎಳೆಯಬೇಕು. ಹತ್ತು ಸಲ. ಹಳೇ ಗ್ರಿಪ್‌ನಲ್ಲಿ ನಾಣ್ಯ ಎಷ್ಟು ಸಲ ಬಿತ್ತು, ಹೊಸದರಲ್ಲಿ ಎಷ್ಟು ಸಲ ಅಂತ ಬರೆದಿಟ್ಟುಕೊಳ್ಳಬೇಕು. ಹೊಸದರಲ್ಲಿ ಹೆಚ್ಚು ಬಿದ್ದರೆ ಎಷ್ಟೇ ಚೆಂದ ಇದ್ದರೂ ಅದನ್ನು ಬಿಚ್ಚಿ, ಹಳೇದನ್ನೇ ವಾಪಸ್ ಸ್ಕ್ರೂ ಹಾಕೋದು.